ಲಂಚ ಹುಟ್ಟುವ ಜಾಗ

ಪ್ರಶ್ನೆ: ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನಾ ಲೋಕಲ್ ರೈಲಿನ ಒಂದೇ ಡಬ್ಬಿಯಲ್ಲಿ ಹೋಗುವ ನಮ್ಮದೊಂದು ಕನ್ನಡದವರ ಗುಂಪಿದೆ. ಮೊನ್ನೆ ಮಾತು ಲಂಚಕ್ಕೆ ತಿರುಗಿತು. ಒಬ್ಬರು "ಇದು ಪ್ರಜಾಪ್ರಭುತ್ವದ ರೋಗ, ಸಿಂಗಪುರದ ಹಾಗೆ ಗಟ್ಟಿ ಕೈ ಬೇಕು" ಎಂದರು. ಇನ್ನೊಬ್ಬರು "ಸಮಾಜವಾದದ ಕಾಲದ ಪಾಪ ಇದು, ಎಲ್ಲ ಖಾಸಗಿಗೆ ಬಿಟ್ಟರೆ ಸರಿಹೋಗುತ್ತದೆ" ಎಂದರು. ಮೂರನೆಯವರು "ಏನು ತಂದರೂ ಅಷ್ಟೇ, ನಮ್ಮ ರಕ್ತದಲ್ಲೇ ಇದೆ" ಎಂದು ಕೈಚೆಲ್ಲಿದರು. ಘಾಟ್ಕೋಪರ್ ಬರುವಷ್ಟರಲ್ಲಿ ಜಗಳವೇ ಆಯಿತು. ರಾಜಕೀಯ, ಆರ್ಥಿಕ ವ್ಯವಸ್ಥೆಗೂ ಭ್ರಷ್ಟಾಚಾರಕ್ಕೂ ನಿಜವಾಗಿ ನಂಟಿದೆಯೇ? ಇದ್ದರೆ ಯಾವ ವ್ಯವಸ್ಥೆ ಮೇಲು? ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮ ಹೌಸಿಂಗ್ ಸೊಸೈಟಿಯ ಒಂದು ಫೈಲು ಕಚೇರಿಯೊಂದರಲ್ಲಿ ತಿಂಗಳುಗಳಿಂದ ಕೂತಿದೆ. "ಸೆಟ್ಟಿಂಗ್" ಮಾಡಿಸಿಕೊಡುವವರು ಆಗಲೇ ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದಾರೆ.

ಉತ್ತರ: ನಂಟಿದೆ, ಗಟ್ಟಿಯಾಗಿಯೇ ಇದೆ. ಆದರೆ ನಿಮ್ಮ ಡಬ್ಬಿಯ ಮೂವರೂ ಅಂಗಡಿಯ ಬೋರ್ಡು ಓದಿ ಒಳಗಿನ ಮಾಲಿನ ಬಗ್ಗೆ ವಾದ ಮಾಡುತ್ತಿದ್ದಾರೆ. ಒಳಗೆ ಕಾಲಿಟ್ಟರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಜನಕ್ಕೆ ಬೇಕಾದ ವಸ್ತುವಿಗೆ ಅಲ್ಲಿ ಕೊರತೆ ಇದೆಯೇ? ಅದನ್ನು ಕೊಡುವ ಪೆನ್ನು ಒಬ್ಬನ ಕೈಯಲ್ಲೇ ಇದೆಯೇ? ಇವರಿಗೆ ಯಾಕೆ ಕೊಟ್ಟೆ, ಅವರಿಗೆ ಯಾಕೆ ಕೊಡಲಿಲ್ಲ ಎಂದು ಅವನನ್ನು ಕೇಳುವವರು ಯಾರಾದರೂ ಇದ್ದಾರೆಯೇ? ಅಮೆರಿಕದ ರಾಬರ್ಟ್ ಕ್ಲಿಟ್‌ಗಾರ್ಡ್ 1988ರಲ್ಲಿ ಇದನ್ನು ಶಾಲೆಯ ಲೆಕ್ಕದ ಹಾಗೆ ಬರೆದಿಟ್ಟರು: ಏಕಸ್ವಾಮ್ಯಕ್ಕೆ ವಿವೇಚನಾಧಿಕಾರ ಕೂಡಿಸಿ, ಅದರಿಂದ ಉತ್ತರದಾಯಿತ್ವ ಕಳೆಯಿರಿ, ಉಳಿದದ್ದೇ ಭ್ರಷ್ಟಾಚಾರ. ಮೂವತ್ತು ವರ್ಷ ಮುಂಬೈಯ ಕಾಲೇಜಿನಲ್ಲಿ ಸಾರ್ವಜನಿಕ ಹಣಕಾಸು ಪಾಠ ಮಾಡಿದವನು ನಾನು. ಆ ಸೂತ್ರವನ್ನು ಹಲಗೆಯ ಮೇಲೆ ಬರೆಯುವಾಗಲೆಲ್ಲ ನೆನಪಿಗೆ ಬರುತ್ತಿದ್ದುದು ಅಪ್ಪನ ಲೆಕ್ಕದ ಪುಸ್ತಕ.

ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ. ಹಾಲು, ತೆಂಗಿನಕಾಯಿ, ಉದ್ದಿನಬೇಳೆ, ಬಾಳೆಲೆ ಎಲ್ಲಕ್ಕೂ ಒಂದೊಂದು ಸಾಲು. ವಾರಕ್ಕೊಮ್ಮೆ ಪುಟದ ಕೊನೆಯಲ್ಲಿ ಇನ್ನೊಂದು ಸಾಲು ಬರುತ್ತಿತ್ತು: "ದೃಷ್ಟಿ ತೆಗೆದದ್ದು, 20." ಹೋಟೆಲಿಗೆ ಯಾರದೋ ಕಣ್ಣು ಬಿದ್ದಿದೆ, ಅದಕ್ಕೇ ನಿಂಬೆಹಣ್ಣು ನಿವಾಳಿಸುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಎಂಟನೇ ಇಯತ್ತೆಗೆ ಬರುವ ಹೊತ್ತಿಗೆ ಗೊತ್ತಾಯಿತು, ಕಣ್ಣು ಇನ್‌ಸ್ಪೆಕ್ಟರರದು. 1980ರ ಸುಮಾರಿಗೆ ಅಡುಗೆಮನೆಯ ಗೋಡೆ ಕೆಡವಿ ಕಟ್ಟಬೇಕಾಯಿತು. ಆ ವಾರ "ಸಿಮೆಂಟು, 30 ಚೀಲ" ಎಂಬ ಸಾಲಿನ ಕೆಳಗೆ ದೃಷ್ಟಿಯ ಮೊತ್ತ 20ರಿಂದ ನೇರ 300ಕ್ಕೆ ಹಾರಿತ್ತು.

ಆಗ ಸಿಮೆಂಟಿಗೆ ಸರಕಾರ ಬೆಲೆ ಕಟ್ಟಿತ್ತು, ಹಂಚಿಕೆಗೆ ಪರ್ಮಿಟ್ ಇತ್ತು. ಬೆಲೆ ಕಡಿಮೆ, ಮಾಲು ಕಡಿಮೆ, ಸಾಲು ಉದ್ದ. ಸಾಲಿನ ತಲೆಯಲ್ಲಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಪೆನ್ನು. ನಮ್ಮ ಹೋಟೆಲಿನ ಮೂವತ್ತು ಚೀಲಕ್ಕೆ ನಡೆದದ್ದೇ ಮೇಲೆ ಬಿಲ್ಡರುಗಳ ಮಟ್ಟದಲ್ಲೂ ನಡೆಯುತ್ತಿತ್ತು. ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆ ಹುಟ್ಟುಹಾಕಿದ್ದ ಟ್ರಸ್ಟಿಗೆ ಬಿಲ್ಡರುಗಳು ಕೊಟ್ಟ ದೇಣಿಗೆಗೂ ಅವರಿಗೆ ಸಿಕ್ಕ ಸಿಮೆಂಟಿಗೂ ನಂಟಿದೆ ಎಂದು 1982ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, ಅಂತುಳೆ ರಾಜೀನಾಮೆ ಕೊಟ್ಟರು. ಕ್ರಿಮಿನಲ್ ಮೊಕದ್ದಮೆ ಮುಂದೆ ವರ್ಷಗಟ್ಟಲೆ ಕೋರ್ಟಿನಿಂದ ಕೋರ್ಟಿಗೆ ಅಲೆಯಿತು, ಆ ಮಾತು ಬಿಡಿ. 1982ರಲ್ಲೇ ಸಿಮೆಂಟಿನ ಮೇಲಿನ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಈಗ ಡೊಂಬಿವಲಿಯ ಯಾವ ಅಂಗಡಿಗಾದರೂ ಫೋನು ಮಾಡಿ, ಸಂಜೆಯೊಳಗೆ ಮೂವತ್ತು ಚೀಲ ಮನೆ ಮುಂದೆ ಬಿದ್ದಿರುತ್ತದೆ. ಸಿಮೆಂಟಿನ ಚೀಲಕ್ಕಾಗಿ ಲಂಚ ಕೊಟ್ಟ ನೆನಪು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಇರಲಿಲ್ಲ. ಕಥೆ ಹೇಳಿದರೆ ನಗುತ್ತಿದ್ದರು. 1982ರಿಂದ 1989ರವರೆಗಿನ ಆ ಏಳು ವರ್ಷದಲ್ಲಿ ಮುಂಬೈಯವರ ರಕ್ತವೇನೂ ಬದಲಾಗಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ನಿಮ್ಮ ಎರಡನೆಯ ಗೆಳೆಯರೇ ಗೆದ್ದರು ಎಂದಾಗುತ್ತದೆ. ಪಗಡಿಯ, ಅಂದರೆ ಬಾಡಿಗೆ ಮನೆಯ ಕೀಲಿಕೈಗಾಗಿ ಒಮ್ಮೆಗೇ ಕೊಡುವ ಹಣದ, ಕಥೆಯೂ ಅವರ ಕಡೆಗೇ ಸಾಕ್ಷಿ ಹೇಳುತ್ತದೆ. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಹಳೆಯ ಕಾಲದ ದರದಲ್ಲೇ ಹೆಪ್ಪುಗಟ್ಟಿಸಿತು. ಗಿರ್‌ಗಾಂವಿನ ಕೋಣೆಗೆ ಬಾಡಿಗೆ ಕೆಲವೇ ರೂಪಾಯಿ, ಕೀಲಿಕೈ ಬೇಕಾದರೆ ಮೇಜಿನಡಿಯಿಂದ ಲಕ್ಷಗಳಲ್ಲಿ ಪಗಡಿ. ಸಂಭಾವಿತ ಮೇಷ್ಟ್ರುಗಳೂ ಕಪ್ಪು ಹಣ ಎಣಿಸಬೇಕಾದ ಹಾಗೆ ಮಾಡಿದ ಕಾಯಿದೆ ಅದು. ಕೊನೆಗೆ 1999ರ ಹೊಸ ಕಾಯಿದೆ ಪಗಡಿ ತೆಗೆದುಕೊಳ್ಳುವುದನ್ನೇ ಕಾನೂನುಬದ್ಧ ಮಾಡಿತು.

ಫೋನಿನ ಕಥೆಯಿಂದ ಮಾತ್ರ ಅವರ ವಾದ ಕುಂಟತೊಡಗುತ್ತದೆ. ಮನೆಗೆ ಲೈನು ಬರಲು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ದೀಪಾವಳಿಗೆ ಲೈನ್‌ಮನ್‌ಗೆ ಕೊಡದಿದ್ದರೆ ಮಳೆಗಾಲದಲ್ಲಿ ಫೋನು ಸತ್ತೇ ಇರುತ್ತಿತ್ತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ಜ್ಯೋತಿ ಬಸು ಅವರದು. ಆ ಕಡೆ ಎತ್ತಿದವರು ಸಂಪರ್ಕ ಸಚಿವ ಸುಖರಾಮ್. ಮರುವರ್ಷವೇ ಸಿಬಿಐಯವರು ಅದೇ ಸುಖರಾಮರ ಮನೆಗಳಿಂದ ಮೂರೂವರೆ ಕೋಟಿಗೂ ಹೆಚ್ಚು ನಗದು ಹೊರತೆಗೆದರು. ಲೈನ್‌ಮನ್‌ನ ದೀಪಾವಳಿ ನಿಂತಿತು, ಮೇಲಿನವರಿಗೆ ಹಬ್ಬ ಶುರುವಾಯಿತು. ಮಾರುಕಟ್ಟೆ ತೆರೆದರೂ ತರಂಗಗುಚ್ಛ (ಸ್ಪೆಕ್ಟ್ರಮ್) ಹಂಚುವ ಪೆನ್ನು ಒಂದೇ ಕೋಣೆಯಲ್ಲಿ ಉಳಿದಿತ್ತಲ್ಲ? 2008ರಲ್ಲಿ ಹರಾಜಿಲ್ಲದೆ, "ಮೊದಲು ಬಂದವರಿಗೆ ಮೊದಲು" ಎಂಬ ಹೆಸರಿನಲ್ಲಿ ಕೊಟ್ಟ 122 ಲೈಸೆನ್ಸುಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಕ್ರಿಮಿನಲ್ ಪ್ರಕರಣದಲ್ಲಿ 2017ರಲ್ಲಿ ವಿಶೇಷ ನ್ಯಾಯಾಲಯ ಎಲ್ಲರನ್ನೂ ಖುಲಾಸೆಗೊಳಿಸಿತು ಎಂಬುದನ್ನೂ ಸೇರಿಸಬೇಕು. ಹಂಚಿದ ರೀತಿ ತಪ್ಪು ಎಂಬುದು ಒಂದು ತೀರ್ಪು, ಇವರೇ ಲಂಚ ತಿಂದರೆಂಬುದಕ್ಕೆ ಪುರಾವೆ ಸಾಲದು ಎಂಬುದು ಇನ್ನೊಂದು. 2014ರಲ್ಲಿ ಇನ್ನೂರಕ್ಕೂ ಹೆಚ್ಚು ಕಲ್ಲಿದ್ದಲು ಗಣಿಗಳ ಹಂಚಿಕೆಯೂ ಹಾಗೆಯೇ ರದ್ದಾಯಿತು.

ನಮ್ಮ ಬಳ್ಳಾರಿಯನ್ನೇ ತೆಗೆದುಕೊಳ್ಳಿ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದಾಗ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 30 ರೂಪಾಯಿಯೂ ಇರಲಿಲ್ಲ. 2009ರ ಆಗಸ್ಟಿನಲ್ಲಷ್ಟೇ ಅದು ಬೆಲೆಯ ಶೇ. 10 ಎಂದು ಬದಲಾಯಿತು. ನಡುವಿನ ಆ ಹಣ ಎಲ್ಲಿಗೆ ಹೋಗಬೇಕು? ಲಾರಿ, ಬಂದರು, ಚುನಾವಣೆ, ಮಂತ್ರಿಮಂಡಲ ಎಲ್ಲ ಕಡೆಗೂ ಹೋಯಿತು. ಗಣಿ ಖಾಸಗಿಯವರದೇ, ಮಾರುಕಟ್ಟೆ ಜಾಗತಿಕವೇ. "ಎಲ್ಲ ಖಾಸಗಿಗೆ ಬಿಡಿ" ಎನ್ನುವವರಿಗೆ ನಾನು ಬಳ್ಳಾರಿಯ ಟಿಕೆಟ್ ತೆಗೆಸಿಕೊಡಲು ಸಿದ್ಧ. ರಷ್ಯಾದಲ್ಲೂ ಇದೇ ಆಯಿತು, ಇನ್ನೂ ದೊಡ್ಡದಾಗಿ. ಸೋವಿಯತ್ ಕಾಲದಲ್ಲಿ ಮಾಂಸಕ್ಕೂ ಬೂಟಿಗೂ "ಪರಿಚಯ" ಬೇಕಿತ್ತು. 1995ರಲ್ಲಿ ಸರಕಾರ ಸಾಲಕ್ಕೆ ಅಡವಿಟ್ಟ ನೆಪದಲ್ಲಿ ತೈಲ ಮತ್ತು ಲೋಹದ ಕಂಪನಿಗಳೇ ಬೆರಳೆಣಿಕೆಯ ಜನರ ಪಾಲಾದವು.

ಹಾಗಾದರೆ ನಿಯಮವೂ ಇರಬೇಕು, ಲಂಚವೂ ಇರಬಾರದು ಎಂದರೆ ದಾರಿಯೇ ಇಲ್ಲವೇ? ಇದೆ. ನನಗೆ ಅತಿ ಇಷ್ಟದ ಉದಾಹರಣೆ ಮುಂಬೈಯದೇ, ಅದೂ ಹೂಕುಂಡದ್ದು. ನೀವು 2000ದ ದಶಕದಲ್ಲಿ ಕಟ್ಟಿದ ಮುಂಬೈಯ ಯಾವುದಾದರೂ ಟವರಿನ ಫ್ಲಾಟಿಗೆ ಹೋಗಿ ಹಾಲಿನ ಕಿಟಕಿಯ ಬಳಿ ನಿಂತು ನೋಡಿ. ನೆಲದ ಟೈಲ್ಸ್ ಒಂದು ಗೆರೆಯ ಬಳಿ ಬದಲಾಗಿರುತ್ತದೆ. ಆ ಗೆರೆಯ ಆಚೆಗಿನದು ನಕ್ಷೆಯಲ್ಲಿ ಹಾಲ್ ಅಲ್ಲ, "ಫ್ಲವರ್ ಬೆಡ್". ಅಲ್ಲಿ ಗಿಡ ಬೆಳೆದದ್ದು ನಾನಂತೂ ನೋಡಿಲ್ಲ, ಸೋಫಾ ಇರುತ್ತದೆ. ಒಂದು ನಿವೇಶನದಲ್ಲಿ ಎಷ್ಟು ಚದರಡಿ ಕಟ್ಟಬಹುದು ಎಂಬುದಕ್ಕೆ ಎಫ್‌ಎಸ್‌ಐ ಎಂಬ ಮಿತಿ ಇದೆ. ದ್ವೀಪನಗರಿಯಲ್ಲಿ, ಅಂದರೆ ದಕ್ಷಿಣದ ಹಳೆಯ ಮುಂಬೈಯಲ್ಲಿ, ಅದು ಬಹಳ ಕಾಲ ನಿವೇಶನದ ವಿಸ್ತೀರ್ಣದ 1.33 ಪಟ್ಟು. ಆದರೆ ಬಾಲ್ಕನಿ, ಹೂಕುಂಡ, ಗೂಡು, ಖಾಲಿ ಜಾಗ ಇವೆಲ್ಲ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವನ್ನು ಎಷ್ಟು ಬಿಡಬೇಕು ಎಂಬುದು ಮೇಲಿನವರ ವಿವೇಚನೆ. ಸಮುದ್ರ ಕಾಣುವ ಫ್ಲಾಟಿನಲ್ಲಿ ನೂರು ಚದರಡಿಯ ಹೂಕುಂಡಕ್ಕೆ ಎಷ್ಟು ಬೆಲೆ ಬರುತ್ತದೆಂದು ಲೆಕ್ಕ ಹಾಕಿ, "ವಿವೇಚನೆ" ಎಂಬ ಶಬ್ದದ ಮಾರುಕಟ್ಟೆ ದರ ಗೊತ್ತಾಗುತ್ತದೆ.

2012ರ ಜನವರಿಯಲ್ಲಿ, ಸುಬೋಧ್ ಕುಮಾರ್ ಪಾಲಿಕೆಯ ಆಯುಕ್ತರಾಗಿದ್ದಾಗ, ನಿಯಮ ಬದಲಾಯಿತು. ಹೂಕುಂಡ, ಬಾಲ್ಕನಿ ಎಲ್ಲವೂ ಎಫ್‌ಎಸ್‌ಐ ಲೆಕ್ಕಕ್ಕೆ ಬಂದವು. ಬದಲಿಗೆ ವಸತಿ ಕಟ್ಟಡಕ್ಕೆ ಶೇ. 35ರಷ್ಟು ಹೆಚ್ಚುವರಿ ಜಾಗವನ್ನು ಎಲ್ಲರಿಗೂ ಒಂದೇ ಸಮ ಕೊಟ್ಟು, ಅದಕ್ಕೆ ಪ್ರೀಮಿಯಂ ಕಟ್ಟಿಸಿಕೊಂಡರು. ಬಿಲ್ಡರರು ಬೊಬ್ಬೆ ಹಾಕಿದರು, ಕೆಲಕಾಲ ಹೊಸ ಮಂಜೂರಾತಿಗಳು ಮಂದವಾದವು. ಆದರೆ ಮೇಜಿನಡಿ ಹೋಗುತ್ತಿದ್ದ ಹಣದ ಒಂದು ಭಾಗ ಮೇಜಿನ ಮೇಲೆ, ರಸೀದಿಯೊಂದಿಗೆ, ಪಾಲಿಕೆಯ ಖಜಾನೆಗೆ ಬರತೊಡಗಿತು. ಮುಂಬೈಯಲ್ಲಿ ಕಟ್ಟಡದ ಭ್ರಷ್ಟಾಚಾರ ಸತ್ತಿತೇ ಎಂದು ಕೇಳಬೇಡಿ. ಪರವಾನಗಿಯ ಉಳಿದ ಮೆಟ್ಟಿಲುಗಳು ಹಾಗೇ ಇವೆ. ಆದರೂ ಒಂದು ಮೆಟ್ಟಿಲನ್ನು ಯಾವ ಉಪವಾಸ, ಮೆರವಣಿಗೆ ಇಲ್ಲದೆ ಒಂದು ತಿದ್ದುಪಡಿ ಸಮತಟ್ಟು ಮಾಡಿತು. ಮುಲುಂಡ್, ದಹಿಸರ್ ನಾಕಾಗಳಲ್ಲಿ ಲಾರಿಗಳ ಸಾಲು ನಿಲ್ಲಿಸಿಕೊಂಡು ಜಕಾತಿ ವಸೂಲಿ ಮಾಡುತ್ತಿದ್ದದ್ದು 2017ರ ಜುಲೈ 1ಕ್ಕೆ ಜಿಎಸ್‌ಟಿ ಜೊತೆ ನಿಂತದ್ದೂ ಅದೇ ಜಾತಿಯದು. ಹುಬ್ಬಳ್ಳಿಯಿಂದ ಮೆಣಸಿನಕಾಯಿ ತರಿಸುವವರನ್ನು ಕೇಳಿ ನೋಡಿ, ನಾಕಾದ ಆ ರಾತ್ರಿಗಳನ್ನು ಅವರು ಇನ್ನೂ ಮರೆತಿಲ್ಲ.

ಈಗ ಗಟ್ಟಿ ಕೈಯ ವಿಚಾರ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 1995ರಿಂದ ವರ್ಷವರ್ಷ ಒಂದು ಸೂಚ್ಯಂಕ ಹೊರಡಿಸುತ್ತದೆ. 2024ರಲ್ಲಿ ಡೆನ್ಮಾರ್ಕಿಗೆ 100ಕ್ಕೆ 90, ಸಿಂಗಪುರಕ್ಕೆ 84, ಚೀನಾಕ್ಕೆ 43, ನಮಗೆ 38. ಆ ವರ್ಷ 180 ದೇಶಗಳಲ್ಲಿ ನಾವು 96ನೆಯವರು. ಇದು ಲಂಚದ ಎಣಿಕೆಯಲ್ಲ, ಉದ್ಯಮಿಗಳ ಮತ್ತು ಪರಿಣತರ ಅಭಿಪ್ರಾಯದ ಲೆಕ್ಕ; ಒಂದೆರಡು ಅಂಕ ಏರಿಳಿದರೆ ಟಿವಿಯವರು ಮಾಡುವ ಗಲಾಟೆಗೆ ಅರ್ಥವಿಲ್ಲ. ಆದರೂ ತಲೆ ಮತ್ತು ಬಾಲ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಮೇಲೆ ಡೆನ್ಮಾರ್ಕ್ ಇದೆ: ಭಾರಿ ತೆರಿಗೆ, ದೊಡ್ಡ ಸರಕಾರ, ಹಳೆಯ ಪ್ರಜಾಪ್ರಭುತ್ವ. ಪಕ್ಕದಲ್ಲೇ ಸಿಂಗಪುರ ಇದೆ: ಹಗುರ ತೆರಿಗೆ, 1959ರಿಂದ ಒಂದೇ ಪಕ್ಷದ ಆಡಳಿತ. ಕೆಳಗೆ ವೆನೆಜುವೆಲಾ, ಎರಿಟ್ರಿಯಾ, ಉತ್ತರ ಕೊರಿಯಾ. ತಳದಲ್ಲಿ ಗಟ್ಟಿ ಕೈಗಳಿಗೇನೂ ಬರವಿಲ್ಲ. ಸಿಂಗಪುರವನ್ನು ನೋಡಿ ಸರ್ವಾಧಿಕಾರ ಬೇಕೆನ್ನುವುದು, ಲಾಟರಿ ಹೊಡೆದ ಒಬ್ಬನನ್ನು ನೋಡಿ ಮನೆ ಮಾರಿ ಟಿಕೆಟ್ ಕೊಂಡ ಹಾಗೆ.

ಸಿಂಗಪುರ ಮಾಡಿದ್ದೇನು ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ. ಅಲ್ಲಿನ ತನಿಖಾ ದಳವನ್ನು 1952ರಲ್ಲಿ ಕಟ್ಟಿದವರು ಬ್ರಿಟಿಷರು. 1960ರ ಕಾನೂನು ಅದಕ್ಕೆ ಹಲ್ಲು ಕೊಟ್ಟಿತು. ದಳ ಪ್ರಧಾನಿಯ ಕೆಳಗಿದೆ. ಆದರೆ ಪ್ರಧಾನಿಯೇ ತನಿಖೆ ಬೇಡವೆಂದರೆ ಅಧ್ಯಕ್ಷರ ಒಪ್ಪಿಗೆ ಪಡೆದು ಮುಂದುವರಿಯುವ ದಾರಿಯನ್ನು 1991ರಲ್ಲಿ ಸಂವಿಧಾನದಲ್ಲೇ ಇಟ್ಟರು. 2024ರ ಅಕ್ಟೋಬರಿನಲ್ಲಿ ಮಾಜಿ ಸಾರಿಗೆ ಸಚಿವ ಎಸ್. ಈಶ್ವರನ್ ಹನ್ನೆರಡು ತಿಂಗಳ ಜೈಲಿಗೆ ಹೋದರು. ಪಡೆದ ಉಡುಗೊರೆಗಳಲ್ಲಿ ಫುಟ್‌ಬಾಲ್ ಪಂದ್ಯದ ಟಿಕೆಟು, ವಿಸ್ಕಿ, ಒಂದು ಸೈಕಲ್ ಇದ್ದವು. ನಮ್ಮಲ್ಲಿ ಸೈಕಲ್ಲಿಗೆ ಮಂತ್ರಿಯೊಬ್ಬ ಜೈಲಿಗೆ ಹೋದರೆ ನಗುತ್ತೇವೆ! ಹಾಂಗ್‌ಕಾಂಗಿನಲ್ಲಿ 1960ರ ದಶಕದಲ್ಲಿ ಬೆಂಕಿ ಆರಿಸಲು ಬಂದವರು ಪೈಪಿಗೆ ನೀರು ಬಿಡುವ ಮುಂಚೆ ಕೈ ಚಾಚುತ್ತಿದ್ದರಂತೆ. 1973ರಲ್ಲಿ ಪೀಟರ್ ಗಾಡ್‌ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ ತನಿಖೆಯ ನಡುವೆಯೇ ವಿಮಾನ ಹತ್ತಿ ಪರಾರಿಯಾದ. ಜನ ಬೀದಿಗಿಳಿದರು, 1974ರಲ್ಲಿ ಪೊಲೀಸರಿಂದ ಬೇರೆಯೇ ಆದ ಸ್ವತಂತ್ರ ಆಯೋಗ ಬಂತು. ಆಳುವವರನ್ನು ಜನ ಆರಿಸದ ವಸಾಹತು ಅದು, ಆದರೂ ಕೇಳುವವರೊಬ್ಬರು ಹುಟ್ಟಿಕೊಂಡರು.

ಪ್ರಜಾಪ್ರಭುತ್ವಕ್ಕೆ ಹಾಗಾದರೆ ಏನೂ ಬೆಲೆಯಿಲ್ಲವೇ? ಡೇನಿಯಲ್ ಟ್ರೈಸ್‌ಮನ್ 2000ದಲ್ಲಿ ಹಲವು ದೇಶಗಳನ್ನು ಹೋಲಿಸಿ ನೋಡಿದಾಗ ಕಂಡದ್ದು ಇದು: ಇವತ್ತು ಪ್ರಜಾಪ್ರಭುತ್ವ ಇದೆ ಎಂಬುದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ, ದಶಕಗಟ್ಟಲೆ ತಡೆಯಿಲ್ಲದೆ ಇದ್ದಲ್ಲಿ ಭ್ರಷ್ಟಾಚಾರ ಕಡಿಮೆ. ನಾವು 1951-52ರ ಮೊದಲ ಮಹಾಚುನಾವಣೆಯಿಂದ ಮತ ಹಾಕುತ್ತಿದ್ದೇವೆ, ಹಾಗಿದ್ದೂ 38 ಯಾಕೆ ಎಂದರೆ ನನ್ನ ಉತ್ತರ ಚುನಾವಣೆಯ ಖರ್ಚಿನ ಕಡೆಗೆ ಬೊಟ್ಟು ಮಾಡುತ್ತದೆ. ಖರ್ಚು ಮಾಡಿ ಗೆದ್ದವರು ಅದನ್ನು ಎಲ್ಲಿಂದಾದರೂ ತೆಗೆಯಬೇಕಲ್ಲ. ರಾಬರ್ಟ್ ವೇಡ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಕಾಲುವೆ ಇಲಾಖೆಯಲ್ಲಿ ಓಡಾಡಿ 1982ರಲ್ಲಿ ಬರೆದದ್ದನ್ನು ನಾನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ರೈತನಿಂದ ನೀರಿಗೆ ಇಸಿದುಕೊಂಡ ಹಣ ಎಂಜಿನಿಯರನ ಜೇಬಿನಲ್ಲೇ ಉಳಿಯುತ್ತಿರಲಿಲ್ಲ, "ಒಳ್ಳೆ ಪೋಸ್ಟಿಂಗ್" ಕೊಳ್ಳಲು ಮೇಲಕ್ಕೆ ಹರಿಯುತ್ತಿತ್ತು. ವರ್ಗಾವಣೆಗೇ ದರ ಇದ್ದ ಮೇಲೆ ಪ್ರಾಮಾಣಿಕ ಗುಮಾಸ್ತನೂ ಒಂದು ದುಬಾರಿ ಕುರ್ಚಿಯಲ್ಲಿ ಕೂತ ಬಾಡಿಗೆದಾರ. ಅದೇ ಚುನಾವಣಾ ಹಣವನ್ನು ಮುಚ್ಚಿಡಲು ಅನುವು ಮಾಡಿಕೊಟ್ಟ ಚುನಾವಣಾ ಬಾಂಡುಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅಸಾಂವಿಧಾನಿಕ ಎಂದು ತಳ್ಳಿಹಾಕಿತು. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಜನ ಓದಿದ್ದು ಆಮೇಲೆ. ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಗರಸೇವಕರೇ (ಕಾರ್ಪೊರೇಟರುಗಳೇ) ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲಿ ನಡೆಯಿತು. ನಗರಸೇವಕರು ಸಂತರಾಗಿದ್ದರೆಂದು ನಾನೇನೂ ಹೇಳುತ್ತಿಲ್ಲ, ಆದರೆ ಸಭೆಯಲ್ಲಿ ಎದ್ದು ನಿಂತು ಕೂಗುವವನೂ ಇಲ್ಲವಾದದ್ದು ಲಾಭವೇನಲ್ಲ. ಅತ್ತ ಕರ್ನಾಟಕದಲ್ಲಿ, 2011ರ ಗಣಿ ವರದಿಯಿಂದ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲ್ಲಾಡಿಸಿದ ಲೋಕಾಯುಕ್ತದ ಪೊಲೀಸ್ ಬಲವನ್ನು 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಎಂಬ ಹೊಸ ದಳ ಮಾಡಿ ಮೊಟಕುಗೊಳಿಸಿದರು. ಹೈಕೋರ್ಟ್ ಆ ದಳವನ್ನು ರದ್ದು ಮಾಡಲು 2022 ಬರಬೇಕಾಯಿತು.

ರಕ್ತದ ಮಾತಾಡಿದ ಗೆಳೆಯರಿಗೆ ನ್ಯೂಯಾರ್ಕಿನ ಪಾರ್ಕಿಂಗ್ ಕಥೆ ಹೇಳಿ. ಅಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರು ಎಲ್ಲೆಂದರಲ್ಲಿ ಕಾರು ನಿಲ್ಲಿಸಿದರೂ ದಂಡ ಕಟ್ಟಬೇಕಾಗಿರಲಿಲ್ಲ. ರೇಮಂಡ್ ಫಿಸ್‌ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಆ ಚೀಟಿಗಳನ್ನೆಲ್ಲ ಎಣಿಸಿದರು. ಭ್ರಷ್ಟಾಚಾರ ಹೆಚ್ಚಿದ್ದ ದೇಶಗಳಿಂದ ಬಂದವರ ಚೀಟಿಗಳೇ ಹೆಚ್ಚು, ನಾರ್ವೆಯವರದು ಸೊನ್ನೆ. ಇಷ್ಟು ಕೇಳಿ ಅವರು ಮೀಸೆ ತಿರುವುತ್ತಾರೆ; ಊರಿಂದ ಹೊತ್ತು ತಂದ ಅಭ್ಯಾಸ ಎಂಬುದು ಇದೆ, ಅವರ ಮಾತಿನಲ್ಲಿ ಅಷ್ಟು ನಿಜ ಉಂಟು. ಮುಂದಿನದನ್ನೂ ಹೇಳಿ: 2002ರ ಕೊನೆಗೆ ದಂಡ ಕಟ್ಟದವರ ಕಾರಿನ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು, ಉಲ್ಲಂಘನೆ ಸುಮಾರು ಶೇ. 98 ಇಳಿಯಿತು. ಅದೇ ಜನ, ಅದೇ ಕಾರು, ಅದೇ ರಕ್ತ.

ಕೊನೆಗೆ ನಿಮ್ಮ ಫೈಲು. ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ರಕ್ಷಣೆ ಇದೆ. ಸೆಟ್ಟಿಂಗ್‌ನವರು ಈ ಮಾತು ನಿಮಗೆ ಹೇಳಿರಲಾರರು. ಮಹಾರಾಷ್ಟ್ರ ಎಸಿಬಿಯ ಸಹಾಯವಾಣಿ 1064. ಅಷ್ಟು ದೂರ ಹೋಗಲು ಸೊಸೈಟಿಯಲ್ಲಿ ಎಲ್ಲರಿಗೂ ಧೈರ್ಯ ಇರುವುದಿಲ್ಲ, ನನಗದು ಗೊತ್ತು. ಸೆಕ್ರೆಟರಿಯಾಗಿ ನಾಲ್ಕು ವರ್ಷ ಅನುಭವಿಸಿದ್ದೇನೆ. ಅದಕ್ಕೆ ಮುಂಚಿನ ಮೆಟ್ಟಿಲು ಎರಡಿವೆ. ನಿಮ್ಮ ಕೆಲಸ 2015ರ ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯಿದೆಯಡಿ ಅಧಿಸೂಚಿತವಾದ ಸೇವೆಯೇ ಎಂದು ಮೊದಲು ನೋಡಿ. ಆಗಿದ್ದರೆ ಅದಕ್ಕೆ ದಿನಗಳ ಗಡುವು ಇರುತ್ತದೆ, ಗಡುವು ಮೀರಿದರೆ ಮೇಲ್ಮನವಿ ಇದೆ, ತಪ್ಪಿತಸ್ಥ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡವಿದೆ. ದಂಡ ಸಣ್ಣದು, ಆದರೆ ಸೇವಾ ದಾಖಲೆಯಲ್ಲಿ ಅದು ಬರುವುದನ್ನು ಯಾರೂ ಇಷ್ಟಪಡುವುದಿಲ್ಲ.

ಇನ್ನೊಂದು ಮೆಟ್ಟಿಲು ಹತ್ತು ರೂಪಾಯಿಯದು, ಮಾಹಿತಿ ಹಕ್ಕಿನ ಅರ್ಜಿ. ದೆಹಲಿಯ ಕೊಳೆಗೇರಿಯಲ್ಲಿ ಇಬ್ಬರು ಸಂಶೋಧಕರು ಪಡಿತರ ಚೀಟಿಗೆ ಅರ್ಜಿ ಹಾಕಿದವರನ್ನು ಗುಂಪುಗಳಾಗಿ ವಿಂಗಡಿಸಿ ನೋಡಿದರು. ಲಂಚ ಕೊಟ್ಟವರಿಗೆ ಚೀಟಿ ಮೊದಲು ಬಂತು. "ನನ್ನ ಅರ್ಜಿ ಎಲ್ಲಿದೆ" ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಸ್ವಲ್ಪವೇ ತಡವಾಗಿ ಬಂತು. ಸುಮ್ಮನೆ ಕಾದವರಲ್ಲಿ ಹೆಚ್ಚಿನವರಿಗೆ ಬರಲೇ ಇಲ್ಲ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮೂರೇ ಸಾಲು ಬರೆಯಿರಿ: ನಮ್ಮ ಅರ್ಜಿಯ ಮೇಲೆ ಯಾವ ದಿನ ಯಾವ ಹುದ್ದೆಯವರು ಏನು ಬರೆದರು, ಈಗ ಯಾರ ಬಳಿ ಎಷ್ಟು ದಿನದಿಂದ ಇದೆ, ನಮ್ಮ ನಂತರ ಬಂದ ಯಾವ ಯಾವ ಅರ್ಜಿಗಳು ಇತ್ಯರ್ಥವಾಗಿವೆ. ಮೂರನೆಯ ಸಾಲು ಮರೆಯಬೇಡಿ, ಕಚೇರಿಗೆ ಚುಚ್ಚುವುದು ಅದೇ. ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ. ಸ್ವೀಕೃತಿಯ ಮೇಲೆ ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ಸೊಸೈಟಿಯ ಫಲಕಕ್ಕೆ ಅಂಟಿಸಿ, ಸೆಟ್ಟಿಂಗ್‌ನವರು ಮೂರನೇ ಸಲ ಬಂದಾಗ ಓದಿಕೊಳ್ಳಲಿ. ಫೈಲು ಯಾವ ಮೇಜಿನ ಮೇಲಿತ್ತು ಎಂದು ಗೊತ್ತಾದ ಮೇಲೆ ನನಗೂ ಒಂದು ಸಾಲು ಬರೆಯಿರಿ.